ಹಚ್ಚುವ ಮೊದಲು ಬಿಚ್ಚಲು ಕಲಿಯಿರಿ

ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದಲ್ಲಿ ಕಾರಿನ ಮೈ ತೊಳೆದು ಹೊಳಪು ಕೊಡುವ ಒಂದು ಡಿಟೇಲಿಂಗ್ ಅಂಗಡಿಯಲ್ಲಿ ಕಾರಿಗೆ ಪಿಪಿಎಫ್, ಅಂದರೆ ಪೇಂಟ್ ಕಾಯುವ ಪಾರದರ್ಶಕ ಫಿಲ್ಮ್ ಹಚ್ಚುವುದು ನನ್ನ ಕೆಲಸ. ಇಂಡಿ, ಜಮಖಂಡಿ ಕಡೆಯಿಂದ ಹೊಸ ಹುಡುಗರು ಬಂದಾಗ ಮೊದಲು ಹಳೆಯ ಫಿಲ್ಮ್ ಬಿಚ್ಚಲು ಕೂರಿಸುತ್ತೇನೆ. "ಅಣ್ಣಾ, ಹಚ್ಚೂದು ಯಾವಾಗ ಕಲಸ್ತೀರಿ?" ಅಂತ ಅವಸರ ಮಾಡುತ್ತಾರೆ. ಈ ಫಿಲ್ಮ್ ಇಂದಲ್ಲ ನಾಳೆ ಕಾರಿನಿಂದ ಇಳಿಯಲೇಬೇಕಾದ್ದು. ಇಳಿಯುವಾಗ ಕೆಳಗಿನ ಪೇಂಟ್ ಹೇಗಿರುತ್ತದೆ ಎನ್ನುವುದರ ಮೇಲೇ ಹಚ್ಚಿದವನ ಕೆಲಸ ಗೊತ್ತಾಗುವುದು.

ವಾಕಡ್‌ನಲ್ಲಿರುವ ಧಾರವಾಡದ ಹಿರಿಯರೊಬ್ಬರು ತಮ್ಮ ಬಿಳಿ ಕಾರು ತಂದಿದ್ದರು. "ತಮ್ಮಾ, ಗಾಡಿ ಬೆಳ್ಳಗಿತ್ತು, ಈಗ ನೋಡು, ಅರಿಶಿಣ ಹಚ್ಚಿಧಾಂಗ ಆಗೇತಿ." ಬೇರೆಲ್ಲೋ ಹಚ್ಚಿಸಿದ ಫಿಲ್ಮ್. ಟಿಪಿಯು ಎಂಬ ಹಿಗ್ಗುವ ಪ್ಲಾಸ್ಟಿಕ್ ಅಂತ ಹೇಳಿ ಹಾಕಿದ್ದು ಪಿವಿಸಿ ಎಂಬ ಸಾಧಾರಣ ಪ್ಲಾಸ್ಟಿಕ್. ಬಿಸಿ ಮಾಡಿ ಎಳೆದರೆ ಟಿಪಿಯು ರಬ್ಬರಿನಂತೆ ಹಿಗ್ಗಿ ಒಂದೇ ಹಾಳೆಯಾಗಿ ಬರುತ್ತದೆ. ಬಿಸಿಲಿಗೆ ಒಣಗಿದ ಪಿವಿಸಿ ಉಗುರಿನಷ್ಟು ಚೂರಾಗಿ ಮುರಿಯುತ್ತದೆ, ಗೋಂದು ಪೇಂಟ್ ಮೇಲೇ ಉಳಿಯುತ್ತದೆ. ಬಾನೆಟ್ ಅಂಚಿನಲ್ಲಿ ಉದ್ದಕ್ಕೂ ಬ್ಲೇಡಿನ ಗೆರೆ. ಬಂಪರಿನ ಒಂದು ಮೂಲೆಯಲ್ಲಿ ಪೇಂಟೇ ಫಿಲ್ಮ್ ಜೊತೆ ಎದ್ದುಬಂತು, ಅಲ್ಲಿ ಹಿಂದೆ ರೀಪೇಂಟ್ ಆಗಿತ್ತು. ಹಿರಿಯರ ಮುಖ ನೋಡಲಾಗಲಿಲ್ಲ. ಹೊಸ ಹುಡುಗರು ನೋಡಬೇಕಾದ ಮೂರೂ ತಪ್ಪು ಆ ಒಂದೇ ಗಾಡಿಯಲ್ಲಿದ್ದವು.

ರೀಪೇಂಟ್ ವಿಷಯ ಎಲ್ಲಕ್ಕಿಂತ ಕಷ್ಟದ್ದು. ಕಂಪನಿಯ ಪೇಂಟ್ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಇರುತ್ತದೆ. ದಪ್ಪ ಅಳೆಯುವ ಮೀಟರ್ ಬಾಗಿಲಿನ ಮೇಲೆ 300 ತೋರಿಸಿದರೆ ಅಲ್ಲಿ ಮತ್ತೊಮ್ಮೆ ಪೇಂಟ್ ಆಗಿದೆ; ಇನ್ನೂ ಬಹಳ ಜಾಸ್ತಿ ತೋರಿಸಿದರೆ ಕೆಳಗೆ ಪುಟ್ಟಿ ಇದೆ. ಆದರೆ ನಾವು ಬಳಸುವ ಮೀಟರ್ ಲೋಹದ ಮೇಲೆ ಮಾತ್ರ ನಡೆಯುತ್ತದೆ. ಬಂಪರ್ ಪ್ಲಾಸ್ಟಿಕ್, ಅದರ ಮೇಲೆ ಮೀಟರ್ ಮೂಕ. ಅಲ್ಲಿ ಕಣ್ಣೇ ಗತಿ: ಪಕ್ಕದ ರಬ್ಬರ್ ಬೀಡಿಂಗ್ ಮೇಲೆ ಸ್ಪ್ರೇ ಹಾರಿದೆಯೇ, ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿದೆಯೇ, ಬೋಲ್ಟಿನ ತಲೆಯ ಬಣ್ಣ ಕಿತ್ತಿದೆಯೇ ಅಂತ ನೋಡಬೇಕು. ಆಗಷ್ಟೇ ಪೇಂಟ್ ಆದ ಭಾಗವಿದ್ದರೆ ಸುಮಾರು ಒಂದು ತಿಂಗಳು ಕಾಯಲು ಹೇಳುತ್ತೇವೆ, ಒಳಗಿನ ಥಿನ್ನರ್ ಪೂರ್ತಿ ಆರಬೇಕು. ಮಾಲೀಕರು ಎಷ್ಟೇ ಅವಸರ ಮಾಡಲಿ, ಇದರಲ್ಲಿ ನಾನು ಬಗ್ಗುವುದಿಲ್ಲ.

ಬ್ಲೇಡಿನ ಗೆರೆಗೆ ಉಪಾಯ ಸರಳ. ಪ್ಲಾಟರ್ ಎಂಬ ಕತ್ತರಿಸುವ ಯಂತ್ರದಲ್ಲಿ ಆ ಮಾಡೆಲ್‌ಗೆ ಅಳತೆಯಾಗಿ ಕತ್ತರಿಸಿದ ಫಿಲ್ಮ್ ಹಚ್ಚಿ. ಗಾಡಿಯ ಮೈಮೇಲೇ ಕತ್ತರಿಸಬೇಕಾಗಿ ಬಂದರೆ ನೈಫ್‌ಲೆಸ್ ಟೇಪ್ ಬಳಸಿ, ಅದರೊಳಗಿನ ದಾರ ಎಳೆದರೆ ಬ್ಲೇಡಿಲ್ಲದೆ ಫಿಲ್ಮ್ ಕತ್ತರಿಸುತ್ತದೆ. ಪೇಂಟಿನ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಬರೀ 40-50 ಮೈಕ್ರಾನ್. ಅದನ್ನು ಕಾಯಲೆಂದು 150ರಿಂದ 200 ಮೈಕ್ರಾನ್‌ನ ಫಿಲ್ಮ್ ತಂದು, ಹಚ್ಚುವ ಭರದಲ್ಲಿ ಆ ಕೋಟನ್ನೇ ಸೀಳಿದರೆ ಯಾವ ನ್ಯಾಯ?

ತೊಳೆಯುವುದು, ಅಂಟಿದ ಕೊಳೆ ಎತ್ತುವ ಕ್ಲೇ ಬಾರ್ ಉಜ್ಜುವುದು, ಪಾಲಿಶ್ ಇವನ್ನು ಎಲ್ಲರೂ ಮಾಡುತ್ತಾರೆ, ಹೆಚ್ಚು ಹೇಳುವುದಿಲ್ಲ. ಒಂದು ಧೂಳಿನ ಕಣ ಒಳಗೆ ಉಳಿದರೂ ಫಿಲ್ಮ್ ಇಳಿಯುವವರೆಗೆ ಅಲ್ಲೇ ಇರುತ್ತದೆ ಅಂತ ನೆನಪಿದ್ದರೆ ಸಾಕು.

ಪೂರ್ತಿ ಗಾಡಿಗೆ ಹಚ್ಚಿಸಬೇಕೇ ಅಂತ ಕೇಳುವವರೇ ಹೆಚ್ಚು. ನಾನು ತಿರುಗಿ ಕೇಳುವುದು, ಗಾಡಿ ಯಾವ ದಾರಿಯಲ್ಲಿ ಓಡುತ್ತದೆ? ಊರಿಗೆಂದು ಸಾತಾರಾ, ಕೊಲ್ಹಾಪುರದ ಮೇಲೆ ಹುಬ್ಬಳ್ಳಿಗೆ ಆಗಾಗ ಹೋಗುವವರಿಗೆ ಮುಂದಿನ ಬಂಪರ್, ಬಾನೆಟ್, ಕನ್ನಡಿಗಳಿಗೆ ಹಚ್ಚಲೇಬೇಕು. ಲಾರಿ ಚಕ್ರದಿಂದ ಸಿಡಿದ ಕಲ್ಲು ಅಲ್ಲಿಗೇ ಬಡಿಯುತ್ತದೆ. ಸ್ವಂತ ಚಕ್ರ ಎರಚುವ ಜಲ್ಲಿಗೆ ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಚಕ್ರದ ಮುಂದಿನ ಭಾಗ ಸಿಗುತ್ತವೆ. ಇದನ್ನು ಬಹಳ ಅಂಗಡಿಯವರು ಹೇಳುವುದೇ ಇಲ್ಲ. ಇಲ್ಲೇ ಹತ್ತಿರದ ಹಿಂಜೆವಾಡಿಗೆ ಹೋಗಿಬರುವಷ್ಟೇ ಓಡುವ ಗಾಡಿಗೆ ಬಂಪರ್ ಮೂಲೆ, ಬಾಗಿಲ ಅಂಚು, ಹಿಡಿಕೆಯ ಬಟ್ಟಲು ಸಾಕು. ಸಿರಾಮಿಕ್ ಕೋಟಿಂಗ್ ಇದ್ದರೆ ಕಲ್ಲು ತಾಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಕೆಲವೇ ಮೈಕ್ರಾನ್ ಪದರ, ನೀರು ಜಾರಿಸುತ್ತದೆ, ಹೊಳಪು ಕೊಡುತ್ತದೆ. ಪೆಟ್ಟು ತಡೆಯುವುದು ಫಿಲ್ಮೇ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಇಂಥ ಫಿಲ್ಮನ್ನು ಹೆಲಿಕಾಪ್ಟರ್ ರೆಕ್ಕೆಗಳಿಗೆ ಹಚ್ಚಿದ್ದೂ ಮರಳು, ಕಲ್ಲಿನ ಪೆಟ್ಟಿಗೇ.

ಫಿಲ್ಮಿನ ಗೀರು ತಾನೇ ಮಾಯುವ ಗುಣದ ಬಗ್ಗೆಯೂ ಸರಿಯಾಗಿ ತಿಳಿಸಿ. ಬಟ್ಟೆ ಉಜ್ಜಿದ ಸಣ್ಣ ಗೀರು ಬಿಸಿಲಿಗೆ, ಬಿಸಿನೀರಿಗೆ ಮಾಯುತ್ತದೆ. ಕೀಲಿಯಿಂದ ಗೀರಿ ಫಿಲ್ಮ್ ಹರಿದರೆ ಆ ಭಾಗದ ಫಿಲ್ಮ್ ಬದಲಾಯಿಸಬೇಕು.

ಹಚ್ಚಿದ ಮೇಲೆ ಒಂದು ವಾರ ತೊಳೆಯಬೇಡಿ. ಆಮೇಲೂ ಪ್ರೆಶರ್ ವಾಶರ್ ಅಂಚಿಗೆ ನೇರ ಹಿಡಿಯಬೇಡಿ, ದೂರ ನಿಲ್ಲಿ. ಹಕ್ಕಿ ಹಿಕ್ಕೆ ಬಿದ್ದರೆ ಅವತ್ತೇ ನೆನೆಸಿ ಒರೆಸಿ. ಬಿಲ್ಲಿನಲ್ಲಿ ಫಿಲ್ಮಿನ ಕಂಪನಿ, ಟಿಪಿಯು ಎಂಬ ಮಾತು, ರೋಲ್ ನಂಬರ್ ಮೂರನ್ನೂ ಬರೆಸಿಕೊಳ್ಳಿ. ಬಿಚ್ಚುವುದಕ್ಕೆ ಎಷ್ಟು ದುಡ್ಡು ತೆಗೆದುಕೊಳ್ಳುತ್ತೀರಿ ಅಂತಲೂ ಹಚ್ಚಿಸುವ ದಿನವೇ ಕೇಳಿ.