ಒಂದೇ ರಾತ್ರಿಗೆ ಒಣಗಿದ ಸಂಡಿಗೆ

ಎಸಿ ರಿಪೇರಿಯಿಂದ ತೃಪ್ತರಾದ ಗ್ರಾಹಕರು ತಮ್ಮ ಫೋನಿಗೆ ಬಂದ 'ಹ್ಯಾಪಿ ಕೋಡ್' ಹೇಳಿದರೇನೇ ನಮ್ಮ ಕಾಲ್, ಅಂದರೆ ಆ ದೂರು, ಕ್ಲೋಸ್ ಆದಂತೆ. ಅದನ್ನು ಕೊಡದೆ ಸತಾಯಿಸುವ ಗ್ರಾಹಕರು ನಮಗೆ ಹೊಸಬರಲ್ಲ. ಗೋಡೆಗೆ ಕಲೆಯಾಯಿತು ಎನ್ನುವವರು, ಕೊನೆಯ ಗಳಿಗೆಯಲ್ಲಿ ರಿಯಾಯಿತಿ ಕೇಳುವವರು, ಕೋಡ್ ಬರುವ ನಂಬರ್ ಮಗನದು, ಮಗ ಅಮೆರಿಕದಲ್ಲಿ ಮಲಗಿದ್ದಾನೆ ಎನ್ನುವವರು, ಹನ್ನೊಂದು ವರ್ಷಗಳಲ್ಲಿ ಎಲ್ಲರನ್ನೂ ಕಂಡಿದ್ದೇನೆ. ಆದರೆ "ಸಂತೋಷವಾದ ಮೇಲೆ ಕೊಡುತ್ತೇನಪ್ಪಾ, ಹೆಸರೇ ಹಾಗಿದೆಯಲ್ಲ" ಎಂದು ಒಂದು ತಿಂಗಳು ಕಾಯಿಸಿದವರು ಗಿರಿನಗರದ ಆ ಟೀಚರ್ ಒಬ್ಬರೇ.

ಅದು 2024ರ ಬೇಸಿಗೆ. ಬೆಂಗಳೂರಿನಲ್ಲಿ ಎಸಿ ಕೆಲಸ ಮಾಡುವವರು ಯಾರೂ ಅದನ್ನು ಮರೆಯಲಾರರು. ಏಪ್ರಿಲ್ 28ರಂದು ನಗರದ ಉಷ್ಣಾಂಶ 38.5 ಡಿಗ್ರಿ ಮುಟ್ಟಿತ್ತು. ಬೋರ್‌ವೆಲ್‌ಗಳು ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತ್ತು. ನೀರು ಚಿಮ್ಮಿಸಿ ಎಸಿ ತೊಳೆಯುವ ಜೆಟ್ ಸರ್ವಿಸ್‌ಗೆ ಎರಡು ಬಕೆಟ್ ನೀರು ಕೇಳಿದರೆ ಜನ ನಮ್ಮನ್ನು ಸಾಲ ಕೇಳಲು ಬಂದವರಂತೆ ನೋಡುತ್ತಿದ್ದರು. ಎಸಿಯ ಡ್ರೈನ್ ಪೈಪಿಗೆ ಬಕೆಟ್ ಇಟ್ಟು, ಆ ನೀರಿನಲ್ಲಿ ಮನೆ ಒರೆಸುವುದು ಆ ವರ್ಷ ಎಲ್ಲರಿಗೂ ರೂಢಿಯಾಯಿತು. ನಮಗೆ ದಿನಕ್ಕೆ ಎಂಟು ಕಾಲ್ ಇದ್ದದ್ದು ಹದಿನಾಲ್ಕಾಗಿತ್ತು. ಬೆಳಿಗ್ಗೆ ಎಂಟಕ್ಕೆ ಗುಂಪಿನಲ್ಲಿ ರ‍್ಯಾಂಕ್ ಪಟ್ಟಿ ಬೀಳುತ್ತಿತ್ತು: ಯಾರು ಎಷ್ಟು ಕಾಲ್ ಕ್ಲೋಸ್ ಮಾಡಿದರು, ಯಾರದು ಎಷ್ಟು ರಿಪೀಟ್ (ಅದೇ ಮನೆಯಿಂದ ಮತ್ತೆ ಬಂದ ದೂರು), ಯಾರು ಎಷ್ಟು ಗ್ಯಾಸ್ ಚಾರ್ಜಿಂಗ್ ತಂದರು. ಆ ಕೊನೆಯ ಕಾಲಂ ನೋಡಿಯೇ ಇನ್ಸೆಂಟಿವ್ ಲೆಕ್ಕ. ಅದನ್ನು ಹಾಕಿದ ಪುಣ್ಯಾತ್ಮ ಒಮ್ಮೆಯೂ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಿಡಿದವನಲ್ಲ.

ಯುಗಾದಿಯ ಹಿಂದಿನ ದಿನ ಟೀಚರ್ ಮನೆಯ ಕಾಲ್ ನನ್ನ ಪಾಲಿಗೆ ಬಂತು. ದೂರು: ಕರೆಂಟ್ ಬಿಲ್ ಜಾಸ್ತಿ. ಇಂಥ ಕಾಲ್ ನಮಗೆ ತಲೆನೋವು. ಯಂತ್ರ ತಣ್ಣಗೆ ಮಾಡುತ್ತಿರುತ್ತದೆ, ರಿಪೇರಿ ಮಾಡಲು ಏನೂ ಇರುವುದಿಲ್ಲ, ಕ್ಲೋಸ್ ಮಾಡಲೂ ಬಿಡುವುದಿಲ್ಲ. ನೂರಕ್ಕೆ ತೊಂಬತ್ತು ಮನೆಗಳಲ್ಲಿ ಉತ್ತರ ರಿಮೋಟ್‌ನಲ್ಲಿರುತ್ತದೆ. ಹದಿನೆಂಟಕ್ಕೆ ಇಟ್ಟರೆ ಬೇಗ ತಣ್ಣಗಾಗುತ್ತದೆ ಎಂದು ನಂಬಿ, ರಾತ್ರಿಯೆಲ್ಲ ಹಾಗೆಯೇ ಬಿಟ್ಟು, ಮೇಲೆ ಎರಡು ರಗ್ಗು ಹೊದ್ದು ಮಲಗಿರುತ್ತಾರೆ. 2020ರ ಜನವರಿಯಿಂದ ಹೊಸ ಎಸಿಗಳೆಲ್ಲ ತಾವಾಗಿ 24ಕ್ಕೆ ಆನ್ ಆಗುವಂತೆ ನಿಯಮ ಬಂದಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ (ಬಿಇಇ) ಹೇಳುತ್ತಲೇ ಇದೆ. ಯಾರು ಕೇಳುತ್ತಾರೆ? ಆ ಭಾಷಣವನ್ನು ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡೇ ಮೆಟ್ಟಿಲು ಹತ್ತಿದೆ.

ರಿಮೋಟ್ 26 ತೋರಿಸುತ್ತಿತ್ತು. ಮೇಲೆ ಫ್ಯಾನ್ ಎರಡರಲ್ಲಿ ತಿರುಗುತ್ತಿತ್ತು. ಪಶ್ಚಿಮದ ಕಿಟಕಿಗೆ ದಪ್ಪ ಪರದೆ. ಮೇಲಂತಸ್ತಿನ ಮನೆಯಾದ್ದರಿಂದ ತಾರಸಿಗೆ ಸುಣ್ಣ ಬಳಿಸಿದ್ದರು. ಫಿಲ್ಟರ್ ತೆಗೆದು ನೋಡಿದರೆ ನಮ್ಮ ಹುಡುಗರು ತೊಳೆಯುವುದಕ್ಕಿಂತ ಚೆನ್ನಾಗಿ ತೊಳೆದಿತ್ತು. ಭಾಷಣ ಗಂಟಲಲ್ಲೇ ಉಳಿಯಿತು. ಆಮೇಲೆ ನೋಟ್‌ಬುಕ್ ಹೊರಬಂತು. ಮೂವತ್ತೈದು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ದಿನಾ ರಾತ್ರಿ ಎಸಿ ಹಾಕುವ ಮುನ್ನ ಒಮ್ಮೆ, ಬೆಳಿಗ್ಗೆ ಆರಕ್ಕೆ ಒಮ್ಮೆ ಮೀಟರ್ ರೀಡಿಂಗ್ ಬರೆದಿದ್ದರು. ಗೀಸರ್ ಕಾಲು ಗಂಟೆ ಉರಿದರೆ ಅರ್ಧ ಯೂನಿಟ್ ಎಂಬ ಲೆಕ್ಕವೂ ಅಲ್ಲಿತ್ತು.

ಅವರ ಸಂಕಟ ಬರೀ ದುಡ್ಡಿನದಲ್ಲ, ಗಡಿಯದು. ಗೃಹಜ್ಯೋತಿಯಲ್ಲಿ 2022-23ರ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿ ಅವರಿಗೆ 119 ಯೂನಿಟ್ ಉಚಿತ ಸಿಗುತ್ತಿತ್ತು. ಅದರಿಂದ 200ರವರೆಗೆ ಹೋದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ. 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. ಮಾರ್ಚ್ ತಿಂಗಳ ಬಿಲ್ 248 ಯೂನಿಟ್, ಎರಡು ಸಾವಿರ ದಾಟಿತ್ತು. "ಎಸಿಗೆ ನನ್ನ ಹತ್ತಿರ ತಿಂಗಳಿಗೆ ಎಂಬತ್ತು ಯೂನಿಟ್ ಇದೆಯಪ್ಪಾ. ರಾತ್ರಿಗೆ ಎರಡೂವರೆ. ಹೋದ ವರ್ಷ ಹೆಚ್ಚು ಕಡಿಮೆ ಅಷ್ಟರಲ್ಲೇ ಆಗುತ್ತಿತ್ತು. ಈ ವರ್ಷ ನಾಲ್ಕೂವರೆ, ಐದು ಹೋಗುತ್ತಿದೆ. ಯಾಕೆ?" ಎಂದರು. ನನ್ನ ಮನೆಯ ಬಿಲ್ ಆರೇಳು ತಿಂಗಳಿನಿಂದ ಸೊನ್ನೆ ಬರುತ್ತಿತ್ತು. ಅದರ ಹಿಂದೆ ಇಷ್ಟು ಲೆಕ್ಕವಿದೆ ಎಂದು ನನಗೆ ಗೊತ್ತಾದದ್ದು ಆ ದಿನ.

ಆ ಎಸಿ ಹಾಕಿದವನು ನಾನೇ, 2023ರ ಏಪ್ರಿಲ್‌ನಲ್ಲಿ. ಕೋಣೆಯ ಹೊರಗಿಡುವ ಔಟ್‌ಡೋರ್ ಪೆಟ್ಟಿಗೆಯನ್ನು ಯುಟಿಲಿಟಿಯಲ್ಲಿ, ವಾಷಿಂಗ್ ಮೆಷಿನ್ ಪಕ್ಕ ಕೂರಿಸಿದ್ದೆ. ಕಿಟ್‌ನಲ್ಲಿ ಬರುವ ಮೂರು ಮೀಟರ್ ತಾಮ್ರದ ಪೈಪಿನಲ್ಲೇ ಮುಗಿಯುತ್ತಿತ್ತು. ಹೊರಗೋಡೆಗೆ ಹಾಕಿದ್ದರೆ ಇನ್ನೂ ನಾಲ್ಕು ಮೀಟರ್ ಬೇಕಿತ್ತು, ಏಣಿ ಕಟ್ಟಬೇಕಿತ್ತು, ಆ ದಿನ ಇನ್ನೂ ಎರಡು ಇನ್‌ಸ್ಟಾಲೇಶನ್ ಬಾಕಿ ಇದ್ದವು. ಅವರು ಆಗಲೇ ಕೇಳಿದ್ದರು: "ಇಲ್ಲಿ ಗಾಳಿ ಸಾಕಾಗುತ್ತದೆಯೇ?" ಬರೀ ಗ್ರಿಲ್ ಇದ್ದ ಜಾಗ. "ಧಾರಾಳ, ಮೇಡಂ" ಎಂದಿದ್ದೆ.

ಯುಟಿಲಿಟಿಗೆ ಹೋಗಿ ಗೇಜ್ ಹಾಕಿದೆ. ಗ್ರಿಲ್‌ಗೆ ಹೊಸದಾಗಿ ಗಾಜಿನ ಸ್ಲೈಡಿಂಗ್ ಬಂದಿತ್ತು. ಸಿಲಿಂಡರ್ ಇಡಲು ಜಾಗವೂ ಬೆಳಕೂ ಬೇಕಿದ್ದರಿಂದ ಗಾಜನ್ನು ಪಕ್ಕಕ್ಕೆ ಸರಿಸಿ ಕೆಲಸ ಶುರು ಮಾಡಿದೆ. ಗೇಜಿನ ಮುಳ್ಳು ಸ್ವಲ್ಪ ಕೆಳಗಿದ್ದಂತೆ ಕಂಡಿತು. ಇನ್ವರ್ಟರ್ ಎಸಿಯಲ್ಲಿ ಗ್ಯಾಸ್ ಒತ್ತುವ ಕಂಪ್ರೆಸರ್ ವೇಗ ಬದಲಾದಂತೆ ಒತ್ತಡವೂ ಬದಲಾಗುತ್ತದೆ, ಮುಳ್ಳು ನೋಡಿ ಗ್ಯಾಸ್ ಹೇಳಬಾರದು, ತೂಕ ಹಾಕಬೇಕು. ಇದು ನನಗೆ ಗೊತ್ತು. ಹೊಸ ಹುಡುಗರಿಗೆ ನಾನೇ ಹೇಳಿಕೊಡುತ್ತೇನೆ. ಆದರೆ ತಿಂಗಳ ಎಂಟನೇ ತಾರೀಖು, ಪಟ್ಟಿಯಲ್ಲಿ ನನ್ನ ಗ್ಯಾಸ್ ಕಾಲಂ ಖಾಲಿ, ಹೊರಗೆ ಉರಿಬಿಸಿಲು.

"ಗ್ಯಾಸ್ ಕಡಿಮೆಯಿದೆ ಮೇಡಂ."

"ಎಲ್ಲಿ ಸೋರುತ್ತಿದೆ?"

"ಸೋರುತ್ತಿಲ್ಲ, ಬಳಸುತ್ತಾ ಬಳಸುತ್ತಾ ಕಡಿಮೆಯಾಗುತ್ತದೆ."

ಈ ಮಾತನ್ನು ನಮ್ಮವರು ದಿನಕ್ಕೆ ಎಷ್ಟು ಮನೆಗಳಲ್ಲಿ ಹೇಳುತ್ತಾರೋ! ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲ್ ಅಲ್ಲ, ಖರ್ಚಾಗಲು. ಮುಚ್ಚಿದ ಪೈಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿರಲೇಬೇಕು. ಟೀಚರ್ ನನ್ನನ್ನು ಒಂದು ಕ್ಷಣ ದಿಟ್ಟಿಸಿ ನೋಡಿದರು. ಮೂವತ್ತೈದು ವರ್ಷ ಹೋಮ್‌ವರ್ಕ್ ಮನೆಯಲ್ಲಿ ಮರೆತು ಬಂದವರನ್ನು ನೋಡಿದ ನೋಟ. ಏನೂ ಅನ್ನಲಿಲ್ಲ. ಸ್ವಲ್ಪ ಗ್ಯಾಸ್ ತುಂಬಿ, 2,500 ರೂಪಾಯಿ ಬಿಲ್ ಮಾಡಿದೆ. ಹೊರಡುವಾಗ ಗಾಜು ಎಳೆದು ಮುಚ್ಚಲು ಅವರೇ ನೆನಪಿಸಿದರು. ಪಾರಿವಾಳದ ಕಾಟ, ಅದಕ್ಕೇ ಚಳಿಗಾಲದಲ್ಲಿ ಹಾಕಿಸಿದ್ದಂತೆ.

ಕಾಫಿಯ ಜೊತೆ ಸಬ್ಬಕ್ಕಿ ಸಂಡಿಗೆ ಕರಿದು ಕೊಟ್ಟರು. ಹೂವಿನಂತೆ ಅರಳಿತ್ತು. ಹೊಗಳಿದೆ. "ಈ ವರ್ಷ ಒಂದು ವಿಚಿತ್ರ ನೋಡು" ಎಂದರು, "ಸಂಜೆ ತಾರಸಿಯಿಂದ ಹಸಿಹಸಿಯಾಗಿ ತಂದ ತಟ್ಟೆಯನ್ನು ವಾಷಿಂಗ್ ಮೆಷಿನ್ ಮೇಲೆ ಇಟ್ಟರೆ ಸಾಕು, ಬೆಳಿಗ್ಗೆಗೆ ಖಟ್ ಎನ್ನುವಂತೆ ಒಣಗಿರುತ್ತದೆ. ಒಂದೇ ರಾತ್ರಿಗೆ!" ನಾನು ಇನ್ನೊಂದು ಸಂಡಿಗೆ ಬಾಯಿಗೆ ಹಾಕಿಕೊಂಡು "ಬಿಸಿಲು ಹಾಗಿದೆ ಮೇಡಂ" ಎಂದೆ. ರಾತ್ರಿ ಎಲ್ಲಿಯ ಬಿಸಿಲು? ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮೇ ಮೊದಲ ವಾರ ರಿಪೀಟ್ ಕಾಲ್ ಬಂತು. ಸೂಪರ್‌ವೈಸರ್ ಫೋನಿನಲ್ಲಿ ಬೈದದ್ದನ್ನು ಬರೆಯುವುದಿಲ್ಲ. ಬಿಲ್ ನೋಡಿದೆ. ಮೊತ್ತ ಹಿಂದಿನದಕ್ಕಿಂತ ನೂರು ಚಿಲ್ಲರೆ ರೂಪಾಯಿ ಕಡಿಮೆಯಿತ್ತು. ನನಗೆ ಜೀವ ಬಂದಂತಾಯಿತು. "ನೋಡಿ ಮೇಡಂ, ಗ್ಯಾಸ್ ಹಾಕಿದ ಮೇಲೆ ಇಳಿದಿದೆ" ಎಂದೆ. ಅವರು ಕನ್ನಡಕ ಏರಿಸಿ, ಪೆನ್ನಿನ ತುದಿಯಿಂದ ಇನ್ನೊಂದು ಸಾಲು ತೋರಿಸಿದರು. ಯೂನಿಟ್ 271. ಏಪ್ರಿಲ್‌ನಿಂದ ದರ ಬದಲಾಗಿತ್ತು. ನೂರು ದಾಟಿದವರಿಗೆ ಯೂನಿಟ್‌ಗೆ 7 ರೂಪಾಯಿ ಇದ್ದದ್ದು ಎಲ್ಲರಿಗೂ ಒಂದೇ 5 ರೂಪಾಯಿ 90 ಪೈಸೆ ಆಗಿತ್ತು. ಇಳಿದದ್ದು ದರ, ಏರಿದ್ದು ಬಳಕೆ. ಉತ್ತರ ಹೊಳೆಯದೆ ಯುಟಿಲಿಟಿಗೆ ಹೋಗಿ, ಗಾಜು ಸರಿಸಿ, ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದೆ. ಏಳು ಆಂಪ್‌ನಿಂದ ಶುರುವಾಗಿ ಅರ್ಧ ಗಂಟೆಯಲ್ಲಿ ಮೂರಕ್ಕೆ ಇಳಿಯಿತು. ಎಲ್ಲ ಸರಿಯಾಗಿದೆ ಎಂದೆ.

"ಹಗಲು ಹನ್ನೊಂದಕ್ಕೆ ಸರಿಯಾಗಿದೆ. ನಾನು ಎಸಿ ಹಾಕುವುದು ರಾತ್ರಿ. ರಾತ್ರಿ ಬಾ."

ಹೋದೆ. ಒಂಬತ್ತೂವರೆ ಗಂಟೆ, ಎಸಿ ಶುರುವಾಗಿ ಒಂದು ಗಂಟೆಯಾಗಿತ್ತು. ಮೀಟರ್ ಬಾಕ್ಸ್ ನೆಲಮಹಡಿಯ ಮೆಟ್ಟಿಲ ಕೆಳಗೆ. ಮೊಬೈಲ್ ಟಾರ್ಚ್ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತೆ. ಮೀಟರಿನ ಕೆಂಪು ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್. ಮೇಲಿನಿಂದ ಟೀಚರ್ ಫೋನಿನಲ್ಲಿ ಒಂದೊಂದೇ ಆರಿಸುತ್ತಾ ಹೇಳುತ್ತಿದ್ದರು: ಫ್ರಿಜ್ ಆರಿಸಿದೆ, ಟಿವಿ ಪ್ಲಗ್ ತೆಗೆದೆ, ಎಸಿಯನ್ನೂ ಒಂದು ನಿಮಿಷ ಆರಿಸಿದೆ. ಮಿನುಗು ಪೂರ್ತಿ ನಿಂತಿತು. ಅಂದರೆ ವೈರಿಂಗ್‌ನಲ್ಲಿ ಸೋರಿಕೆ ಇಲ್ಲ. ನನ್ನ ಕೊನೆಯ ನೆಪವೂ ಹೋಯಿತು. ಮತ್ತೆ ಎಸಿ ಹಾಕಿಸಿ ಹದಿನೈದು ನಿಮಿಷ ಬಿಟ್ಟು ಎಣಿಸತೊಡಗಿದೆ. ನಲವತ್ತರಲ್ಲಿದ್ದಾಗ ಕೆಳಮನೆಯವರು ಬಾಗಿಲು ತೆರೆದು "ಯಾರದು?" ಎಂದರು. ಲೆಕ್ಕ ತಪ್ಪಿತು. ಮತ್ತೆ ಒಂದರಿಂದ. ಒಂದು ನಿಮಿಷಕ್ಕೆ 78. ಮನಸ್ಸಿನಲ್ಲೇ ಗುಣಿಸುವಷ್ಟರಲ್ಲಿ ಫೋನಿನಿಂದ ಉತ್ತರ ಬಂತು: "ಸಾವಿರದ ನಾನೂರ ಅರವತ್ತು ವ್ಯಾಟ್. ಕೋಣೆ ಇನ್ನೂ ಇಪ್ಪತ್ತೆಂಟರಲ್ಲಿದೆ."

ಇಷ್ಟು ಹೊತ್ತಾದರೂ ಕಂಪ್ರೆಸರ್ ವೇಗ ಇಳಿಯುತ್ತಿಲ್ಲ ಎಂದರೆ ಪಿಸಿಬಿ, ಅಂದರೆ ಕಂಟ್ರೋಲ್ ಬೋರ್ಡ್, ಕೆಟ್ಟಿದೆ ಎಂದುಕೊಂಡೆ. ಔಟ್‌ಡೋರ್ ನೋಡಬೇಕು ಎನಿಸಲೇ ಇಲ್ಲ, ಎರಡು ಸಲ ನೋಡಿದ್ದೆನಲ್ಲ. ಮೇಲೆ ಬಂದು ಸೂಪರ್‌ವೈಸರ್‌ಗೆ ಫೋನ್ ಹಚ್ಚಿ, "ಪಿಸಿಬಿ ಬುಕ್ ಮಾಡಿ" ಎಂದೆ. ಎಂಟು ಸಾವಿರ ಚಿಲ್ಲರೆ ಎಂದು ಆ ಕಡೆಯಿಂದ ಕೇಳುತ್ತಿತ್ತು. ಟೀಚರ್ ಬೆಲೆ ಕೇಳಿಸಿಕೊಂಡು ಮಾತನಾಡದೆ ಒಳಗೆ ಹೋದರು. ನನಗೆ ಕೊಟ್ಟು ಕಳುಹಿಸಲು ಸಂಡಿಗೆ ತಟ್ಟೆ ತರೋಣವೆಂದು ಯುಟಿಲಿಟಿಯ ಬಾಗಿಲು ತೆಗೆದರು.

ಬೇಕರಿಯ ಒಲೆಯ ಬಾಗಿಲು ತೆರೆದಂತಾಯಿತು. ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದ ನನ್ನ ಮುಖಕ್ಕೆ ಬಿಸಿ ಹೊಡೆಯಿತು. ಥರ್ಮಾಮೀಟರ್ ಹಿಡಿದರೆ 49. ಆ ಪುಟ್ಟ ಜಾಗದಲ್ಲಿ ಔಟ್‌ಡೋರ್ ತಾನು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಾ, ಕೋಣೆಯ ಶಾಖವನ್ನು ಹೊರಹಾಕಲು ಜಾಗವಿಲ್ಲದೆ ಏದುಸಿರು ಬಿಡುತ್ತಿತ್ತು. ನಾನು ಬಂದಾಗಲೆಲ್ಲ ಯಂತ್ರ ಸರಿಯಾಗಿರುತ್ತಿತ್ತು. ಏಕೆಂದರೆ ಗಾಜು ತೆರೆಯುತ್ತಿದ್ದವನು ನಾನೇ, ಹೋಗುವಾಗ ಮುಚ್ಚುತ್ತಿದ್ದವನೂ ನಾನೇ.

ಕಿವಿಯಲ್ಲಿ ಸೂಪರ್‌ವೈಸರ್ "ಬುಕ್ ಮಾಡಲಾ, ಬೇಡವಾ?" ಎನ್ನುತ್ತಿದ್ದರು. ಫೋನ್ ಇಟ್ಟೆ. ಗಾಜು ಸರಿಸಿದೆ. ಇಪ್ಪತ್ತು ನಿಮಿಷ ಇಬ್ಬರೂ ಮಾತಿಲ್ಲದೆ ಕುಳಿತೆವು. ನನ್ನ ಜೀವನದಲ್ಲಿ ಅಷ್ಟು ಉದ್ದದ ಇಪ್ಪತ್ತು ನಿಮಿಷ ಬೇರೆ ಇಲ್ಲ. ಕೆಳಗೆ ಹೋಗಿ ಎಣಿಸಿದೆ: 31. ಆರುನೂರು ವ್ಯಾಟ್‌ಗೂ ಕಡಿಮೆ.

ಗ್ಯಾಸಿನ ವಿಷಯ ಆ ರಾತ್ರಿ ಹೇಳಲಿಲ್ಲ. ಧೈರ್ಯ ಬರಲಿಲ್ಲ. ಮರುದಿನ ಹೋಗಿ ಗ್ಯಾಸ್ ಪೂರ್ತಿ ತೆಗೆದು, ವ್ಯಾಕ್ಯೂಮ್ ಮಾಡಿ, ನೇಮ್‌ಪ್ಲೇಟ್‌ನಲ್ಲಿದ್ದಷ್ಟನ್ನು ತೂಗಿ ಹಾಕಿದೆ. 180 ಗ್ರಾಂ ಹೆಚ್ಚಾಗಿತ್ತು. ಅಂದರೆ ನನ್ನ ಚಿಕಿತ್ಸೆಯಿಂದ ರೋಗಿಗೆ ಇನ್ನಷ್ಟು ಆಯಾಸವೇ ಆಗಿರಬೇಕು. ಕಚೇರಿಯಲ್ಲಿ ಹಣ ವಾಪಸಾಗುವುದಿಲ್ಲ ಎಂದರು. ನನ್ನ ಜೇಬಿನಿಂದ 2,500 ಕೊಟ್ಟೆ. ಬೇಡ ಎನ್ನುತ್ತಾರೆ ಎಂದು ಒಳಗೊಳಗೇ ಆಸೆ ಇತ್ತು. ಟೀಚರ್ ಎಣಿಸಿ ತೆಗೆದುಕೊಂಡರು. ಆ ದುಡ್ಡಿನಲ್ಲೇ ಗಾಜು ತೆಗೆಸಿ ಪಾರಿವಾಳದ ಬಲೆ ಹಾಕಿಸಿದರು. ನಸುಕಿನಲ್ಲಿ ಹೊರಗೆ ತಂಪಾಗುವ ಹೊತ್ತಿಗೆ, ನಾಲ್ಕಕ್ಕೆ ಎಸಿ ಆರುವಂತೆ ಟೈಮರ್ ಇಟ್ಟುಕೊಂಡರು.

ಕೋಡ್ ಮಾತ್ರ ಕೊಡಲಿಲ್ಲ. ಮುಂದಿನ ಬಿಲ್ ಬರಲಿ ಎಂದರು. ದಿನವೂ ನನ್ನ ಹೆಸರು ಪಟ್ಟಿಯಲ್ಲಿ ಕೆಂಪಾಗಿ ಬರುತ್ತಿತ್ತು. ಆ್ಯಪ್‌ನಲ್ಲಿ ಕಾರಣ ತುಂಬಲು ಹೋದರೆ ಗ್ಯಾಸ್, ಪಿಸಿಬಿ, ಕೆಪಾಸಿಟರ್, ಸೆನ್ಸರ್ ಎಲ್ಲ ಇವೆ. 'ಕಿಟಕಿ ಮುಚ್ಚಿತ್ತು' ಎಂಬುದಿಲ್ಲ. 'ತಂತ್ರಜ್ಞ ಕಿವಿಗೊಡಲಿಲ್ಲ' ಎಂಬುದಂತೂ ಇಲ್ಲ. ಕೊನೆಗೆ ಉಳಿದ ಒಂದೇ ಆಯ್ಕೆ ಒತ್ತಿದೆ: 'ಗ್ರಾಹಕರಿಗೆ ತಿಳಿವಳಿಕೆ ನೀಡಲಾಯಿತು'.

ಈಗ ಬಿಲ್ ದೂರು ಬಂದರೆ ಅವರು ಎಸಿ ಬಳಸುವ ಹೊತ್ತಿಗೇ ಹೋಗುತ್ತೇನೆ, ರಾತ್ರಿ ಹತ್ತಾದರೂ ಸರಿ. ಬಾಗಿಲು ಕಿಟಕಿ ಇದ್ದ ಹಾಗೆಯೇ ಇರಲಿ ಎನ್ನುತ್ತೇನೆ. ಬಟ್ಟೆ ಎಲ್ಲಿ ಒಣಹಾಕುತ್ತೀರಿ ಎಂದು ಕೇಳುತ್ತೇನೆ. ಹೊಸ ಹುಡುಗರು ಹಿಂದಿನಿಂದ ನಗುತ್ತಾರೆ. ಗ್ಯಾಸ್ ಕಾಲಂನಲ್ಲಿ ನಾನು ಈಗ ಯಾವಾಗಲೂ ಕೊನೆಯವನು.

ಜೂನ್ ಮೊದಲ ವಾರ ಟೀಚರ್ ಸಂದೇಶ ಬಂತು. ಮೇ ತಿಂಗಳು 193 ಯೂನಿಟ್, ಇದರಲ್ಲಿ ಮಳೆಯ ಪಾಲೂ ಇದೆ, ಎಲ್ಲವೂ ನಿನ್ನದಲ್ಲ ಎಂದು ಬರೆದು, ಕೆಳಗೆ ನಾಲ್ಕು ಅಂಕೆಯ ಕೋಡ್. ಬೈಕ್ ನಿಲ್ಲಿಸಿ ಆ್ಯಪ್‌ನಲ್ಲಿ ಒತ್ತಿದೆ. ಕಾಲ್ ಅವಧಿ ಮೀರಿ ರದ್ದಾಗಿದೆ ಎಂದು ತೋರಿಸಿತು. ಮತ್ತೆ ಸಂದೇಶ ತೆರೆದು ನೋಡಿದೆ. ಕೋಡಿನ ಕೆಳಗೆ ಇನ್ನೊಂದು ಸಾಲಿತ್ತು: "ಸಂಡಿಗೆ ಈಗ ಮೂರು ದಿನ ಹಿಡಿಯುತ್ತಿದೆ."