ಮೊದಲು ಚಾಕ್ ಗೆರೆ, ಆಮೇಲೆ ಸರ್ಕ್ಯೂಟ್

ಬೆಳಕು ಬರುವ ಬಟ್ಟೆ ಹೊಲಿಯುತ್ತೇವೆ ಅಂದರೆ ಜನಕ್ಕೆ ಮೊದಲು ನೆನಪಾಗುವುದು ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್. ಅದನ್ನೇ ತಂದು ಲಂಗದ ಒಳಗೆ ಅಂಟಿಸಿದರೆ ಆಯ್ತಲ್ವಾ ಅಂತ ಕೇಳಿದವರೂ ಇದ್ದಾರೆ. ಆಗಲ್ಲ. ಪೆಂಡಾಲು ಕುಣಿಯುವುದಿಲ್ಲ, ಬೆವರುವುದಿಲ್ಲ, ಅದನ್ನು ಯಾರೂ ಬಕೆಟ್ಟಿನಲ್ಲಿ ನೆನೆಹಾಕುವುದೂ ಇಲ್ಲ.

ತುಮಕೂರಿನಲ್ಲಿ ನಮ್ಮದು ಚಿಕ್ಕ ಜಾಗ, ಮಂಡಿಪೇಟೆ ಕಡೆ ಒಂದು ಮಹಡಿ ಮೇಲೆ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಜೊತೆಗಿರುವ ಟೈಲರ್ ಮಾಸ್ಟ್ರು ನಾನು ಹುಟ್ಟುವ ಮೊದಲೇ ಕತ್ತರಿ ಹಿಡಿದವರು. ಶಾಲೆಯ ವಾರ್ಷಿಕೋತ್ಸವ, ಭರತನಾಟ್ಯದ ರಂಗಪ್ರವೇಶ, ಹವ್ಯಾಸಿ ನಾಟಕ ತಂಡಗಳಿಗೆ ಲೈಟ್, ಸೆನ್ಸರ್ ಇರುವ ಉಡುಪು ಮಾಡಿಕೊಡುತ್ತೇವೆ. ತಿರುಗಿದರೆ ಮಿನುಗುವ ಲಂಗ, ಮುಟ್ಟಿದರೆ ಹೊಳೆಯುವ ಕವಚ, ಹೀಗೆ. ಗುಬ್ಬಿ ಕಂಪನಿಯ ನೆರೆಯವರು ನಾವು. ವೇಷಕ್ಕೆ ಧಾರಾಳವಾಗಿ ಖರ್ಚು ಮಾಡುವ ಚಟ ಈ ಕಡೆಯ ಜನಕ್ಕೆ ಹಳೆಯದು.

ಈ ಕೆಲಸಕ್ಕೆ ಬರುವ ಎಲೆಕ್ಟ್ರಾನಿಕ್ಸ್ ಹುಡುಗರು ಮೊದಲು ಸರ್ಕ್ಯೂಟ್ ಬರೆಯುತ್ತಾರೆ. ಆಮೇಲೆ ಅದಕ್ಕೆ ಬಟ್ಟೆ ಹೊಂದಿಸಲು ಹೋಗುತ್ತಾರೆ. ನಮ್ಮಲ್ಲಿ ಉಲ್ಟಾ. ಮಾಸ್ಟ್ರು ಮೊದಲು ಬಟ್ಟೆ ಮೇಲೆ ಚಾಕ್‌ನಲ್ಲಿ ಗೆರೆ ಹಾಕುತ್ತಾರೆ: ಎಲ್ಲಿ ಮಡಚುತ್ತದೆ, ಎಲ್ಲಿ ಎಳೆಯುತ್ತದೆ, ಬೆವರು ಎಲ್ಲಿ ಇಳಿಯುತ್ತದೆ, ಕೂತಾಗ ಎಲ್ಲಿ ಒತ್ತುತ್ತದೆ. ಆ ಗೆರೆ ಬಿಟ್ಟು ಉಳಿದ ಜಾಗದಲ್ಲಿ ಮಾತ್ರ ನನ್ನ ಕೆಲಸ. ಭರತನಾಟ್ಯದ ಉಡುಪಿನಲ್ಲಿ ಅಂಥ ಜಾಗ ಅಂದರೆ ಡಾಬಿನ ಕೆಳಗಿನ ಸೊಂಟದ ಪಟ್ಟಿ. ಅದು ಬಗ್ಗುವುದಿಲ್ಲ, ಭಾರ ತಡೆಯುತ್ತದೆ, ಡಾಬು ಮುಚ್ಚಿಕೊಳ್ಳುತ್ತದೆ. ಬೋರ್ಡು, ಬ್ಯಾಟರಿ ಎರಡೂ ಅಲ್ಲೇ. ಬ್ಯಾಟರಿಗೆ ಎರಡು ಪದರದ ಬಟ್ಟೆಯ ಜೇಬು, ತೆಗೆದು ಹಾಕುವ ಹಾಗೆ.

ದಾರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕರೆಂಟ್ ಹರಿಯುವ ದಾರದಲ್ಲಿ ಮುಖ್ಯವಾಗಿ ಎರಡು ಬಗೆ ನಮ್ಮ ಕೈಗೆ ಬರುತ್ತವೆ. ಒಂದು ನೈಲಾನ್ ಮೇಲೆ ಬೆಳ್ಳಿ ಲೇಪಿಸಿದ್ದು, ಇನ್ನೊಂದು ಸ್ಟೇನ್‌ಲೆಸ್ ಸ್ಟೀಲ್ ಎಳೆಗಳದ್ದು. ಎರಡಕ್ಕೂ ಸೋಲ್ಡರ್, ಅಂದರೆ ಬಿಸಿ ಬೆಸುಗೆ, ಒಗ್ಗುವುದಿಲ್ಲ. ಸೋಲ್ಡರಿಂಗ್ ಐರನ್ ತಾಗಿದರೆ ನೈಲಾನ್ ಕರಗುತ್ತದೆ, ಸ್ಟೀಲಿಗೆ ಮಾಮೂಲಿ ಸೋಲ್ಡರ್ ಹಿಡಿಯುವುದೇ ಇಲ್ಲ. ಜೊತೆಗೆ ಇವು ತಾಮ್ರದ ವೈರ್ ಅಲ್ಲ. ನಾವು ಬಳಸುವ ಸ್ಟೀಲ್ ದಾರ ಒಂದು ಮೀಟರ್ ಉದ್ದಕ್ಕೆ ಸುಮಾರು 30 ಓಮ್ ತೋರಿಸುತ್ತದೆ. ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಬಣ್ಣ ಬದಲಿಸುವ ಡಬ್ಲ್ಯೂಎಸ್2812 ಲೈಟ್ ಒಂದೇ ಒಂದು ಪೂರ್ತಿ ಬಿಳಿ ಉರಿದರೆ ಸುಮಾರು 60 ಮಿಲಿಆಂಪ್ ಎಳೆಯುತ್ತದೆ. ಸೊಂಟದಿಂದ ಲಂಗದ ಅಂಚಿಗೆ ಒಂದು ಮೀಟರ್ ಅಂತ ಇಟ್ಟುಕೊಳ್ಳಿ. ಹೋಗುವಾಗ 1.8 ವೋಲ್ಟ್ ದಾರದಲ್ಲೇ ಖರ್ಚು, ವಾಪಸ್ ಬರುವಾಗ ಮತ್ತೆ 1.8. ಲೆಕ್ಕದ ಪ್ರಕಾರ 5 ವೋಲ್ಟಿನಲ್ಲಿ ಉಳಿಯುವುದು 1.4. ಅಷ್ಟರಲ್ಲಿ ಲೈಟ್ ನಡೆಯುವುದೇ ಇಲ್ಲವಲ್ಲ, ಹಾಗಾಗಿ ಅದು ಎಳೆಯುವ ಕರೆಂಟೇ ಇಳಿದು ಬಿಳಿ ಬೆಳಕು ಮಂಕಾಗಿ ಕೆಂಪಗಾಗುತ್ತದೆ. ಕೆಂಪಿಗೆ 2 ವೋಲ್ಟ್ ಸಾಕು, ನೀಲಿ ಹಸಿರಿಗೆ 3ರ ಹತ್ತಿರ ಬೇಕು. ಕೋಡ್ ಎಷ್ಟು ತಿದ್ದಿದರೂ ಇದು ಸರಿಹೋಗಲ್ಲ.

ಹಾಗಾಗಿ ಪವರ್ ಹೋಗಲು ದಾರ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ತೆಳು ಸಿಲಿಕೋನ್ ವೈರ್ ಅನ್ನು ಹೊಲಿಗೆಯ ಸಂದಿನಲ್ಲಿ ಇಳಿಸಿ. ದಾರ ಇರಲಿ ಮುಟ್ಟುವ ಸೆನ್ಸರಿಗೆ, ಸ್ವಿಚ್ಚಿಗೆ. ಅಲ್ಲಿ ಹರಿಯುವ ಕರೆಂಟ್ ತೀರಾ ಕಡಿಮೆ, ಇನ್ನೂರು ಓಮ್ ಇದ್ದರೂ ಯಾರಿಗೂ ತೊಂದರೆ ಇಲ್ಲ. ಮಿಷನ್ನಿನಲ್ಲಿ ಹೊಲಿಯುವಾಗ ಈ ದಾರವನ್ನು ಬಾಬಿನ್ನಿಗೆ ಸುತ್ತಿ, ಸೂಜಿಗೆ ಮಾಮೂಲಿ ದಾರ ಹಾಕಿ. ಸೂಜಿಯ ಕಣ್ಣಲ್ಲಿ ಉಜ್ಜಿ ಎಳೆ ಬಿಚ್ಚಿಕೊಳ್ಳುವ ಕಾಟ ತಪ್ಪುತ್ತದೆ.

ಕಳೆದ ಸೀಸನ್‌ನಲ್ಲಿ ಒಂದು ಲಂಗ ರಿಪೇರಿಗೆ ಬಂತು. ಬೇರೆ ಕಡೆ ಮಾಡಿಸಿದ್ದು. ಮುಂದಿನ ಬೀಸಣಿಗೆ ನೆರಿಗೆಯ ಉದ್ದಕ್ಕೂ ಪುಟ್ಟ ಪುಟ್ಟ ಲೈಟು. ನೆಟ್ಟಗೆ ನಿಂತರೆ ಲೈಟ್ ಆಫ್, ಅರೆಮಂಡಿಗೆ ಕೂತರೆ ಆನ್. ತಂದವರಿಗೆ ಅದು ಬೇಕಂತಲೇ ಇಟ್ಟ ಚಮತ್ಕಾರ ಅನ್ನಿಸಿತ್ತು. ಅವರ ದೂರು ಬೇರೆಯೇ, ಬ್ಯಾಟರಿ ಬೇಗ ಮುಗಿಯುತ್ತದೆ ಅಂತ. ನಾನು ಬೋರ್ಡಿನಲ್ಲಿ ಸೆನ್ಸರ್ ಹುಡುಕಿದೆ. ಇರಲೇ ಇಲ್ಲ.

ಮಾಸ್ಟ್ರು ನೆರಿಗೆಯನ್ನು ಬೆರಳಲ್ಲಿ ಒಂದೊಂದೇ ಬಿಡಿಸಿದರು. ಒಂದು ಮಡಿಕೆಯ ಈ ಮುಖದಲ್ಲಿ ಪ್ಲಸ್ ದಾರ, ಆ ಮುಖದಲ್ಲಿ ಮೈನಸ್ ದಾರ. "ನೋಡಮ್ಮ, ನೆರಿಗೆ ಮುಚ್ಚಿಕೊಂಡ್ರೆ ಇವೆರಡೂ ಒಂದಕ್ಕೊಂದು ತಾಗ್ತವೆ" ಅಂದರು. ಮಲ್ಟಿಮೀಟರಿನ ಎರಡು ಮುಳ್ಳು ಇಟ್ಟು ನೋಡಿದೆ. ನೆರಿಗೆ ಮುಚ್ಚಿದರೆ ಬೀಪ್, ಬಿಡಿಸಿದರೆ ಸದ್ದಿಲ್ಲ. ಅಂದರೆ ಹುಡುಗಿ ನೆಟ್ಟಗೆ ನಿಂತಷ್ಟು ಹೊತ್ತೂ ಶಾರ್ಟ್, ಕರೆಂಟ್ ಲೈಟಿಗೆ ಹೋಗದೆ ಅಲ್ಲೇ ಹರಿದು ಬ್ಯಾಟರಿ ಖಾಲಿ. ದಾರದ ಓಮ್ ಜಾಸ್ತಿ ಇದ್ದದ್ದರಿಂದ ಸುಟ್ಟಿರಲಿಲ್ಲ, ಬೆಚ್ಚಗಾಗುತ್ತಿತ್ತು ಅಷ್ಟೆ. ಮಡಿಕೆಯ ತುದಿಯಲ್ಲಿ ಬೆಳ್ಳಿ ಉದುರಿ ದಾರ ಮಾಸಲು ಬಣ್ಣಕ್ಕೆ ತಿರುಗಿತ್ತು. ಈ ದಾರ ಹರಿಯುವ ಮೊದಲು ಹೀಗೇ ಸವೆಯುತ್ತದೆ. ಲೇಪ ಹೋದಂತೆ ಓಮ್ ಏರುತ್ತದೆ, ಕಣ್ಣಿಗೆ ಮಾತ್ರ ದಾರ ಗಟ್ಟಿಯಾಗೇ ಕಾಣುತ್ತದೆ.

ಜರಿ ಇನ್ನೊಂದು ತಲೆನೋವು. ವೈ.ಎನ್. ಹೊಸಕೋಟೆಯ ಸೀರೆಯನ್ನೋ ಅಜ್ಜಿಯ ಹಳೇ ರೇಷ್ಮೆ ಸೀರೆಯನ್ನೋ ತಂದು ಇದರಲ್ಲೇ ಲಂಗ ಮಾಡಿ ಅನ್ನುತ್ತಾರೆ. ಅಪ್ಪಟ ಜರಿ ಅಂದರೆ ರೇಷ್ಮೆ ಎಳೆಗೆ ಚಪ್ಪಟೆ ಬೆಳ್ಳಿ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟದ್ದು. ಟೆಸ್ಟೆಡ್ ಜರಿಯಲ್ಲಿ ತಾಮ್ರದ ತಂತಿ. ಎರಡರಲ್ಲೂ ಕರೆಂಟ್ ಹರಿಯುತ್ತದೆ. ಪ್ಲಾಸ್ಟಿಕ್ ಜರಿಯ ಮೇಲೆ ಕರೆಂಟ್ ತಡೆಯುವ ಲ್ಯಾಕರ್ ಪದರ ಇರುವುದರಿಂದ ಸಾಮಾನ್ಯವಾಗಿ ಮೀಟರ್ ಸುಮ್ಮನಿರುತ್ತದೆ. ಹಾಗಾಗಿ ಬಟ್ಟೆ ಕೈಗೆ ಬಂದ ಕೂಡಲೇ ಅಂಚಿನ ಮೇಲೆ ಮೀಟರ್ ಇಡುತ್ತೇನೆ. ಬೀಪ್ ಬಂದರೆ ಆ ಅಂಚನ್ನು ವೈರ್ ಅಂತಲೇ ಲೆಕ್ಕ ಹಿಡಿದು, ನಡುವೆ ಕ್ಯಾನ್ವಾಸ್ ಪಟ್ಟಿ ಕೊಟ್ಟು ಹೊಲಿಯುತ್ತೇವೆ. ಹೀಗೆ ಮೀಟರ್ ಇಟ್ಟಾಗ ಅಜ್ಜಿಯ ಸೀರೆಯ ಜರಿ ಪ್ಲಾಸ್ಟಿಕ್ ಅಂತ ಗೊತ್ತಾಗಿ ಬೇಜಾರಾದವರೂ ಇದ್ದಾರೆ. ಅದಕ್ಕೆ ನಾವೇನೂ ಮಾಡಕ್ಕಾಗಲ್ಲ.

ಜರಿಯನ್ನು ಬೈಯುವ ಮೊದಲು ಒಂದು ವಿಷಯ. 1997ರಲ್ಲಿ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ರೆಹ್ಮಿ ಪೋಸ್ಟ್, ಮ್ಯಾಗಿ ಆರ್ಥ್ ಬಟ್ಟೆಯಲ್ಲೇ ಸರ್ಕ್ಯೂಟ್ ಮಾಡಲು ಹೊರಟಾಗ ಬಳಸಿದ್ದು ಭಾರತದಲ್ಲಿ ನೇಯುವ ಆರ್ಗಾಂಜಾ, ರೇಷ್ಮೆಗೆ ಲೋಹದ ಹಾಳೆ ಸುತ್ತಿದ ಎಳೆಯದ್ದು. ನಮ್ಮ ಮಗ್ಗದ ಸಾಮಾನೇ. ಅದಾಗಿ ಹತ್ತು ವರ್ಷಕ್ಕೆ, 2007ರಲ್ಲಿ, ಲಿಯಾ ಬ್ಯೂಕ್ಲಿ ಮಾಡಿದ ಲಿಲಿಪ್ಯಾಡ್ ಆರ್ಡುಯಿನೊ ಮಾರುಕಟ್ಟೆಗೆ ಬಂತು. ಗುಂಡಗಿನ ಬೋರ್ಡು, ಅಂಚಿನಲ್ಲಿ ದೊಡ್ಡ ದೊಡ್ಡ ತೂತು, ಬಟ್ಟೆಗೆ ಗುಂಡಿ ಹಾಕುವ ಹಾಗೆ ದಾರದಲ್ಲೇ ಹೊಲಿಯುವುದು. ಒಳ್ಳೆಯ ಯೋಚನೆ. ಆದರೆ ತೂತಿನಲ್ಲಿ ದಾರವನ್ನು ಮೂರ್ನಾಲ್ಕು ಸಲ ಬಿಗಿಯಾಗಿ ಸುತ್ತಬೇಕು. ಸಡಿಲ ಇದ್ದರೆ ಕುಣಿದಾಗ ಲೈಟ್ ಮಿಣುಕುತ್ತದೆ. ಸ್ಟೀಲ್ ದಾರದ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ, ಅದರ ಮೇಲೆ ಒಂದು ಹನಿ ನೇಲ್ ಪಾಲಿಶ್ ಬೇಕೇ ಬೇಕು. ಒಗೆಯುವಾಗ ಬೋರ್ಡ್ ಬೇರೆ ಬರಲಿ ಅಂತ ನಾವು ಲೋಹದ ಟಿಚ್ ಬಟನ್ ಹಾಕುತ್ತೇವೆ. ಅದು ಬಟನ್ನೂ ಹೌದು, ಕನೆಕ್ಟರ್ರೂ ಹೌದು. ನಮ್ಮಲ್ಲಿ ಬರುವ ದೂರುಗಳಲ್ಲಿ ಜಾಸ್ತಿ ಈ ಮೆತ್ತನೆಯದು ಗಟ್ಟಿಯದಕ್ಕೆ ಸೇರುವ ಜಾಗದ್ದೇ. ಬೋರ್ಡು ಕೆಟ್ಟದ್ದು ಅಪರೂಪ.

ಆ ರಿಪೇರಿ ಲಂಗಕ್ಕೆ ವೈರ್ ಎಳೆದು ಸರಿಮಾಡಿ ಕೊಟ್ಟೆವು. ಆದರೆ ಮಾಸ್ಟ್ರು ಬಿಡಲಿಲ್ಲ. "ಆ ತಾಗೋದನ್ನೇ ಬೇಕಂತ ಮಾಡಿದ್ರೆ?" ಅಂದರು. ಈಗ ನಾವು ನೆರಿಗೆಯ ಎರಡು ಮುಖಕ್ಕೂ ಕರೆಂಟ್ ಹರಿಯುವ ಬಟ್ಟೆಯ ಪುಟ್ಟ ತೇಪೆ ಹೊಲಿದು, ಅದನ್ನು ಸ್ವಿಚ್ ಅಂತ ಲೈಟ್ ನಿಯಂತ್ರಿಸುವ ಎಟಿಟೈನಿ85 ಚಿಪ್ಪಿಗೆ ಕೊಡುತ್ತೇವೆ. ಮುಚ್ಚಿದರೆ ಆಫ್, ಅರೆಮಂಡಿಗೆ ನೆರಿಗೆ ಅರಳಿದರೆ ಆನ್. ಮೈ ತಿರುಗುವುದನ್ನು ಅಳೆಯುವ ಜೈರೋಸ್ಕೋಪ್ ಸೆನ್ಸರಿನ ಖರ್ಚು ಉಳಿಯಿತು, ಹುಡುಗಿಯ ಭಂಗಿಗೂ ಬೆಳಕಿಗೂ ತಾಳ ತಪ್ಪುವುದಿಲ್ಲ. ಒಂದೇ ಕಿರಿಕಿರಿ ಬೆವರು. ನೆನೆದ ಬಟ್ಟೆಯಲ್ಲೂ ಚೂರು ಕರೆಂಟ್ ಹರಿಯುತ್ತದೆ, ಚಿಪ್ಪಿನ ಒಳಗೆ ಸ್ವಿಚ್ಚಿನ ಪಿನ್ನನ್ನು ಪ್ಲಸ್ ಕಡೆ ಎಳೆದಿಡುವ ರೆಸಿಸ್ಟರ್, ಅಂದರೆ ಪುಲ್‌ಅಪ್ ಅದಕ್ಕೇ ಮೋಸಹೋಗಿ ನೆರಿಗೆ ಮುಚ್ಚಿತು ಅಂದುಕೊಳ್ಳುತ್ತದೆ. ಹೊರಗಿಂದ ಇನ್ನೂ ಬಲವಾಗಿ ಎಳೆಯುವ 4.7 ಕಿಲೋಓಮ್ ರೆಸಿಸ್ಟರ್ ಹಾಕಿದ ಮೇಲೆ ಆ ಕಾಟ ಕಡಿಮೆಯಾಗಿದೆ. ತೇಪೆಯನ್ನು ಒಂದು ಗೇಣು ಕೆಳಗೆ, ಬೆವರು ಇಳಿಯದ ಕಡೆ ಇಡೋಣ ಅಂತ ಮಾಸ್ಟ್ರು ಹೇಳುತ್ತಿದ್ದಾರೆ. ಮುಂದಿನ ಲಂಗದಲ್ಲಿ ಹಾಗೇ ಮಾಡುತ್ತೇವೆ.