ಪಚ್ಚಕರ್ಪೂರ ಕುಟ್ಟುತ್ತಾ ದಾದರ್ ಲೋಕಲ್ ನೆನಪಾಯಿತು

ಗಣೇಶನ ಹಬ್ಬಕ್ಕೆ ಲಾಡು ಕಟ್ಟುವಾಗ ಅಮ್ಮ ಪಚ್ಚಕರ್ಪೂರ ಪುಡಿ ಮಾಡು ಅಂತ ನನ್ನ ಕೈಗೆ ಕೊಟ್ಟರು. ಮುಂಬೈಯ ಮಾಟುಂಗಾದ ನಮ್ಮ ಅಡುಗೆಮನೆಯಲ್ಲಿ ಊರಿಂದ ತಂದ ಸಣ್ಣ ಕುಟ್ಟಾಣಿ ಇನ್ನೂ ಇದೆ. ಕುಟ್ಟಿದೆ, ಕುಟ್ಟಿದೆ, ಪುಡಿ ಆಗಲೇ ಇಲ್ಲ. ಚಪ್ಪಟೆಯಾಗಿ ತಳಕ್ಕೆ ಮೆತ್ತಿಕೊಂಡಿತು. "ಸಕ್ಕರೆ ಹಾಕ್ಕೊಂಡು ಕುಟ್ಟೋ, ಬರೀ ಕರ್ಪೂರ ಯಾರಾದ್ರೂ ಕುಟ್ತಾರಾ?" ಅಂದರು.

ಕಾಲೇಜಲ್ಲಿ ಕೆಮಿಸ್ಟ್ರಿ ಹೇಳಿಕೊಡುವವನು ನಾನು, ಆದರೂ ಇದು ಹೊಳೆದಿರಲಿಲ್ಲ. ಕರ್ಪೂರ ಪ್ಲಾಸ್ಟಿಕ್ ಕ್ರಿಸ್ಟಲ್ ಕಣಮ್ಮಾ ಅಂದೆ. "ಪ್ಲಾಸ್ಟಿಕ್ಕಾ! ಲಾಡಿಗೆ ಹಾಕ್ತೀವಲ್ಲೋ!" ಇಲ್ಲಿ ಪ್ಲಾಸ್ಟಿಕ್ ಅಂದರೆ ಒತ್ತಿದರೆ ಒಡೆಯದೆ ಬಗ್ಗೋದು, ಅಷ್ಟೆ. ಕರ್ಪೂರದ ಅಣು ಹೆಚ್ಚುಕಡಿಮೆ ಚೆಂಡಿನ ಹಾಗಿದೆ. ಹರಳಿನಲ್ಲಿ ಒಂದೊಂದಕ್ಕೂ ಅದರದ್ದೇ ಜಾಗ ಇದೆ. ಆ ಜಾಗ ಬಿಡಲ್ಲ, ಆದರೆ ಕೂತಲ್ಲೇ ಗರಗರ ತಿರುಗುತ್ತಿರುತ್ತದೆ. ಹಾಗಾಗಿ ಅಕ್ಕಪಕ್ಕದ ಹಿಡಿತ ಸಡಿಲ, ಕುಟ್ಟಿದರೆ ಪದರಗಳು ಜಾರುತ್ತವೆ. ಬೆಲ್ಜಿಯಂನ ಟಿಮ್ಮರ್‌ಮನ್ಸ್ 1930ರ ದಶಕದಲ್ಲೇ ಇಂಥ ವಸ್ತುಗಳನ್ನೆಲ್ಲ ಒಂದು ಗುಂಪು ಅಂತ ಗುರುತಿಸಿದ್ದರು.

ಕರ್ಪೂರದಲ್ಲಿ ಅಯಾನುಗಳಿಲ್ಲ, ಅಂದರೆ ವಿದ್ಯುದಾವೇಶ ಹೊತ್ತ ಕಣಗಳಿಲ್ಲ, ಕರೆಂಟ್ ಹರಿಯಲ್ಲ. ಆದರೆ ಸಕ್ಸಿನೊನೈಟ್ರೈಲ್ ಅಂತ ಮೇಣದಂಥ ಇನ್ನೊಂದು ಇದೆ. ಮೈನಸ್ 40ರ ಆಸುಪಾಸಿನಿಂದ ಸುಮಾರು 58 ಡಿಗ್ರಿವರೆಗೆ ಅದರದ್ದೂ ಇದೇ ಗುಣ. ಅದಕ್ಕೆ ಸ್ವಲ್ಪ ಲಿಥಿಯಂ ಉಪ್ಪು ಬೆರೆಸಿದರೆ ಗಟ್ಟಿಯಾಗಿದ್ದುಕೊಂಡೇ ಅಯಾನುಗಳನ್ನು ಚೆನ್ನಾಗಿ ಸಾಗಿಸುತ್ತದೆ ಅಂತ 2004ರಲ್ಲಿ ತೋರಿಸಿದರು. ಸೋರದ ಬ್ಯಾಟರಿ ಬೇಕು ಅನ್ನುವವರಿಗೆ ಇದು ಹಬ್ಬ. (58 ದಾಟಿದರೆ ಕರಗಿಬಿಡುತ್ತದೆ. ಮೇ ತಿಂಗಳ ಬಿಸಿಲಲ್ಲಿ ನಿಲ್ಲಿಸಿದ ಕಾರನ್ನು ನೆನೆಸಿಕೊಂಡರೆ 58 ಡಿಗ್ರಿ ಏನೂ ಜಾಸ್ತಿ ಅಲ್ಲ, ಅಲ್ವಾ.)

ಗಟ್ಟಿ ಹರಳಿನೊಳಗೆ ಅಯಾನು ಓಡೋದು ಹೇಗೆ? ಬೆಳಿಗ್ಗೆ ಠಾಣೆ ಕಡೆಯಿಂದ ಬರುವ ಫಾಸ್ಟ್ ಲೋಕಲ್ ರೈಲು ಹತ್ತಿ ದಾದರ್‌ನಲ್ಲಿ ಇಳಿಯಲು ನೋಡಿ. ಎತ್ತಿದ ಕಾಲು ಮತ್ತೆ ಇಡೋಕೆ ಜಾಗ ಇರಲ್ಲ. ಯಾರೂ ನಿಂತ ಜಾಗ ಬಿಡುವ ಹಾಗೂ ಇಲ್ಲ. ಆದರೆ ಮುಂದಿದ್ದವನು ಎದೆಗೆ ಹಾಕಿಕೊಂಡ ಬ್ಯಾಗು ಸಮೇತ ನಿಂತಲ್ಲೇ ಓರೆಯಾಗಿ ಅರ್ಧ ಸುತ್ತು ತಿರುಗುತ್ತಾನೆ, ಅಷ್ಟರಲ್ಲಿ ನಾನು ನುಸುಳಿ ಇನ್ನೊಬ್ಬನ ಬೆನ್ನಿಗೆ ಬಂದಿರುತ್ತೇನೆ. ಅವನೂ ತಿರುಗುತ್ತಾನೆ.

ಈಗ ಅವನು ತಿರುಗಿ ನನ್ನನ್ನು ತಳ್ಳಿದನಾ, ಅಥವಾ ಸುಮ್ನೆ ಸಂದಿ ಇತ್ತು ಅಂತ ನಾನೇ ತೂರಿದೆನಾ? ವಿಜ್ಞಾನಿಗಳೂ ಇದನ್ನೇ ಹಿಡಿದು ವರ್ಷಗಟ್ಟಲೆ ಜಗಳ ಆಡಿದ್ದಾರೆ. ಲಿಥಿಯಂ ಸಲ್ಫೇಟ್ ಅನ್ನೋ ಉಪ್ಪು ಸುಮಾರು 575 ಡಿಗ್ರಿ ದಾಟಿದರೆ, ಇನ್ನೂ ಕರಗದೆ ಇರುವಾಗಲೇ, ಒಳಗಿನ ಸಲ್ಫೇಟ್‌ಗಳು (ಗಂಧಕ, ಆಮ್ಲಜನಕ ಸೇರಿದ ಅಯಾನುಗಳು) ತಿರುಗಲು ಶುರು ಮಾಡುತ್ತವೆ, ಲಿಥಿಯಂ ಕರಗಿದ ಉಪ್ಪಿನಲ್ಲಿ ಓಡಿದ ಹಾಗೆ ಓಡುತ್ತದೆ. ಸ್ವೀಡನ್ನಿನ ಲುಂಡೇನ್ ಮತ್ತು ಜೊತೆಗಾರರು, ಸಲ್ಫೇಟ್ ತಿರುಗುವ ಚಕ್ರದ ಹಾಗೆ ಲಿಥಿಯಂ ಅನ್ನು ಮುಂದಕ್ಕೆ ತಳ್ಳುತ್ತದೆ ಅಂದರು, 'ಪ್ಯಾಡಲ್ ವೀಲ್' ಅಂತ ಹೆಸರೂ ಬಿತ್ತು. ಇಲ್ಲ, ಹರಳು ಹಿಗ್ಗಿ ಖಾಲಿ ಜಾಗ ಸಿಕ್ಕಿದ್ದಕ್ಕೆ ಓಡುತ್ತದೆ ಅಂದರು ಇನ್ನು ಕೆಲವರು. ನನಗೆ ಎರಡೂ ಇದೆ ಅನಿಸುತ್ತದೆ. ಲೋಕಲ್‌ನಲ್ಲಿ ಭುಜ ತಾಗಿದ್ದು ನೆನಪಿದೆ, ಸಂದಿಯೂ ಇತ್ತು.

ನೋಡುವ ದಾರಿ ನಮ್ಮ ಹತ್ತಿರವೇ ಇದೆ, ಟ್ರಾಂಬೆಯ ಧ್ರುವ ಅನ್ನೋ ಸಂಶೋಧನಾ ಪರಮಾಣು ರಿಯಾಕ್ಟರ್‌ನಲ್ಲಿ. ಹೈಡ್ರೋಜನ್ ಇರುವ ಹರಳಾದರೆ, ಅಲ್ಲಿಂದ ಬಂದ ನ್ಯೂಟ್ರಾನ್ ಆ ಹೈಡ್ರೋಜನ್‌ಗೆ ತಾಗಿ ಆಚೆ ಹೋಗುವಾಗ ನ್ಯೂಟ್ರಾನಿನ ಶಕ್ತಿ ಚೂರು ಬದಲಾಗಿ ಗ್ರಾಫಿನ ಗೆರೆ ಅಗಲವಾಗುತ್ತದೆ. ಅಣು ಕೂತಲ್ಲೇ ತಿರುಗುತ್ತಿದ್ದರೆ ಯಾವ ಕೋನದಲ್ಲಿ ನೋಡಿದರೂ ಅಗಲ ಹೆಚ್ಚುಕಡಿಮೆ ಅಷ್ಟೇ. ಜಾಗ ಬಿಟ್ಟು ಓಡಾಡುತ್ತಿದ್ದರೆ ಕೋನ ಹೆಚ್ಚಿದ ಹಾಗೆ ಅಗಲವೂ ಹೆಚ್ಚುತ್ತದೆ. ತಿರುಗಿದ್ದು ಬೇರೆ, ಓಡಿದ್ದು ಬೇರೆ ಅಂತ ಗೊತ್ತಾಗುತ್ತದೆ. ತಳ್ಳಿದ್ದು ಯಾರು ಅಂತ ತಿಳಿಯೋಕೆ ಎರಡೂ ಒಂದೇ ಕ್ಷಣಕ್ಕೆ ಆದವಾ ಅಂತ ನೋಡಬೇಕು, ಅದಕ್ಕೆ ಕಂಪ್ಯೂಟರಿನಲ್ಲಿ ಒಂದೊಂದೇ ಅಯಾನಿನ ಬೆನ್ನು ಹತ್ತಿ ಹೋಗುತ್ತಾರೆ.

ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅಮ್ಮ ಎರಡು ಚಮಚ ಸಕ್ಕರೆ ಹಾಕಿ ತಾವೇ ಕುಟ್ಟಿ ಮುಗಿಸಿದ್ದರು.